ತಟ್ಟಿಯ ಆಚೆ ಕೂತವರು

ಕಳೆದ ದೀಪಾವಳಿಯ ರಜೆಗೆ, ಬಳ್ಳಾರಿಯಲ್ಲಿ ಕಾನೂನು ಓದುತ್ತಿರುವ ನನ್ನ ಮಗಳು ಗಂಗಾವತಿಗೆ ಬಂದಿದ್ದಳು. ಹಬ್ಬದ ಮರುದಿನ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ ಟಿವಿಯಲ್ಲಿ ‘ಸಂಪತ್ತಿಗೆ ಸವಾಲ್’ ಬರುತ್ತಿತ್ತು. ಚಾನೆಲ್ ಬದಲಿಸಲು ಹೊರಟ ಮಗಳ ಕೈಯಿಂದ ರಿಮೋಟ್ ತೆಗೆದುಕೊಂಡು, ಇಂಥ ಸಿನಿಮಾ ಈಗ ಯಾರೂ ಮಾಡುವುದಿಲ್ಲ, ಒಮ್ಮೆ ಪೂರ್ತಿ ನೋಡು ಎಂದು ಒತ್ತಾಯ ಮಾಡಿ ಕೂರಿಸಿದೆ. ಅವಳು ಮನಸ್ಸಿಟ್ಟೇ ನೋಡಿದಳು. ಎಮ್ಮೆಯ ಮೇಲೆ ಕೂತು ರಾಜ್‌ಕುಮಾರ್ ‘ಯಾರೇ ಕೂಗಾಡಲಿ’ ಹಾಡುವಾಗ ತೊಡೆಯ ಮೇಲೆ ತಾಳ ಹಾಕಿದಳು, ಬಾಲಕೃಷ್ಣ ಅವರ ಮಾತಿಗೆ ನಕ್ಕಳು. ಆದರೆ ಸಾಹುಕಾರನ ಮನೆಯ ಸೊಕ್ಕಿನ ಹುಡುಗಿಗೆ, ಅಂದರೆ ಮಂಜುಳಾ ಅವರ ಪಾತ್ರಕ್ಕೆ, ಬುದ್ಧಿ ಕಲಿಸುವ ಭಾಗ ಬರುತ್ತಿದ್ದಂತೆ ಅವಳ ನಗು ನಿಂತಿತು. ಸಿನಿಮಾ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಅಪ್ಪಾ, ಸಾವ್ಕಾರ ಮಾಡಿದ ತಪ್ಪಿಗೆ ಅವನ ಮನಿ ಹುಡುಗಿಗ್ಯಾಕ ಶಿಕ್ಷೆ?”

“ಆ ಕಾಲ ಹಂಗಿತ್ತವಾ” ಎಂದೆ. ಈ ಉತ್ತರವನ್ನು ನಾನು ಎಷ್ಟೋ ಸಲ ಎಷ್ಟೋ ಜನರಿಗೆ ಕೊಟ್ಟಿದ್ದೇನೆ, ಇತರರ ಬಾಯಲ್ಲೂ ಕೇಳಿ ಒಪ್ಪಿದ್ದೇನೆ. ಆದರೆ ಆ ದಿನ ಬಾಗಿಲ ಹತ್ತಿರ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅವ್ವ, ತಲೆ ಎತ್ತದೆಯೇ ಹೇಳಿದಳು: “ಅವಾಗೂ ನಮಗ ಸೇರ್ತಿರ್ಲಿಲ್ಲ. ನಮ್ಮನ್ನ ಯಾರ್ ಕೇಳಿದ್ರಪಾ?”

ನಾನು ಈ ಬರಹಕ್ಕೆ ಕೈಹಾಕಿದ್ದು ಅವ್ವನ ಆ ಮಾತಿನಿಂದ.

ಆ ಸಿನಿಮಾವನ್ನು ನಾನು ಮೊದಲು ನೋಡಿದ್ದು ಅದು ಬಿಡುಗಡೆಯಾಗಿ ಐದಾರು ವರ್ಷಗಳಾದ ಮೇಲೆ, ನಮ್ಮ ಹಳ್ಳಿಯ ಹೊರಗೆ, ಎಡದಂಡೆ ಕಾಲುವೆಯ ಪಕ್ಕದ ಬಯಲಿಗೆ ಬಂದಿದ್ದ ಟೂರಿಂಗ್ ಟಾಕೀಸಿನಲ್ಲಿ. ಭತ್ತದ ಕೊಯ್ಲು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಟೆಂಟು ಬರುತ್ತಿತ್ತು. ಒಳಗೆ ನೆಲ, ಬೆಂಚು, ಹಿಂದೆ ನಾಲ್ಕು ಸಾಲು ಕುರ್ಚಿ. ಬಲಗಡೆ ಗಂಡಸರು, ಎಡಗಡೆ ಹೆಂಗಸರು, ನಡುವೆ ಸೊಂಟದೆತ್ತರದ ಬಿದಿರಿನ ತಟ್ಟಿ. ಗಂಡಸರ ಕಡೆ ಸಿಳ್ಳೆ, ಚಪ್ಪಾಳೆ, ಮೇಲಕ್ಕೆ ತೂರುವ ಟವೆಲ್ಲು, ಪರದೆಯತ್ತ ಎಸೆಯುವ ಚಿಲ್ಲರೆ. ನಾನು ಹನ್ನೆರಡು ವರ್ಷದ ಹುಡುಗ, ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತು, ಆ ಹುಡುಗಿಯ ಸೊಕ್ಕು ಇಳಿದಾಗ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದು ಚೆನ್ನಾಗಿ ನೆನಪಿದೆ. ಎಷ್ಟು ನೆನಪು ಮಾಡಿಕೊಂಡರೂ ತಟ್ಟಿಯ ಆಚೆಯಿಂದ ಬಂದ ಒಂದು ದನಿಯೂ ನೆನಪಿಗೆ ಬರುವುದಿಲ್ಲ. ಅವ್ವ ಅಲ್ಲೇ ಇದ್ದಳು, ಇಬ್ಬರು ಅತ್ತೆಯಂದಿರು ಇದ್ದರು, ಊರಿನ ಅರ್ಧದಷ್ಟು ಹೆಂಗಸರು ಇದ್ದರು. ಅವರು ನಕ್ಕರೋ, ಸುಮ್ಮನಿದ್ದರೋ, ನಾನು ತಿರುಗಿ ನೋಡಿರಲಿಲ್ಲ.

ನಾವು ಚಪ್ಪಾಳೆ ಹೊಡೆದದ್ದಕ್ಕೆ ಕಾರಣವಿತ್ತು, ಅದನ್ನು ಹೇಳದೆ ಆ ಸಿನಿಮಾದ ಮೇಲೆ ತೀರ್ಪು ಕೊಟ್ಟರೆ ಅನ್ಯಾಯವಾಗುತ್ತದೆ. ‘ಸಂಪತ್ತಿಗೆ ಸವಾಲ್’ ತೆರೆಗೆ ಬಂದದ್ದು 1974ರಲ್ಲಿ. ಅದೇ ವರ್ಷದ ಮಾರ್ಚ್ 1ರಿಂದ ದೇವರಾಜ ಅರಸು ಸರಕಾರದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಉಳುವವನೇ ಹೊಲದೊಡೆಯ ಎನ್ನುವ ಮಾತು ಹಳ್ಳಿಯ ಕಟ್ಟೆಗಳ ಮೇಲೆ ಮೆಲುದನಿಯಲ್ಲಿ ಶುರುವಾಗಿ ದಿನದಿನಕ್ಕೆ ಏರುತ್ತಿದ್ದ ಕಾಲ ಅದು. ನನ್ನ ಅಜ್ಜ ಪಾಲಿಗೆ ಹೊಲ ಮಾಡುತ್ತಿದ್ದವನು. ಸುಗ್ಗಿಯಲ್ಲಿ ರಾಶಿಯ ಮುಂದೆ ಸಾಹುಕಾರ ಕುರ್ಚಿ ಹಾಕಿಕೊಂಡು ಕೂತರೆ ಅಜ್ಜ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದನೆಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಅಂಥ ಮನೆಗಳಿಂದ ಬಂದ ಜನರ ಕಣ್ಣೆದುರು, ಗೇಣು ಹೊಲದ ಬಡವನೊಬ್ಬ ಸಾಹುಕಾರನಿಗೆ ಎದೆ ಕೊಟ್ಟು ನಿಂತರೆ ಚಪ್ಪಾಳೆ ಬೀಳದೆ ಇರುತ್ತದೆಯೇ? ಆ ಕಥೆಯೂ ನಮ್ಮ ಕಡೆಯ ಕಂಪನಿ ನಾಟಕದಿಂದಲೇ ಹೋದದ್ದು. ಮೂಲ ನಾಟಕ ಬರೆದವರು ಪಿ.ಬಿ. ಧುತ್ತರಗಿಯವರು. ಜಾತ್ರೆಗಳಲ್ಲಿ ತಿಂಗಳುಗಟ್ಟಲೆ ಕ್ಯಾಂಪು ಹಾಕುತ್ತಿದ್ದ ಕಂಪನಿಗಳ ನಾಟಕಗಳಲ್ಲಿ ಬಡವರ ಸಿಟ್ಟಿಗೆ ಸಿಕ್ಕಷ್ಟು ಜಾಗ ಆಗ ಬೇರೆಲ್ಲೂ ಸಿಗುತ್ತಿರಲಿಲ್ಲ.

ನನ್ನನ್ನು ಈಗ ಕಾಡುವುದು ಇದೇ. ಆ ಸಿಟ್ಟು ನ್ಯಾಯವಾದದ್ದು. ಸಾಹುಕಾರನ ಗತ್ತು ಇಳಿಯಲೇಬೇಕಿತ್ತು. ಆದರೆ ಅದು ಇಳಿದದ್ದನ್ನು ನಮಗೆ ಮನಗಾಣಿಸಲು ಕಥೆ ಆರಿಸಿಕೊಂಡದ್ದು ಅವನ ಮನೆಯ ಹೆಣ್ಣನ್ನು. ಸಾಲಪತ್ರ, ಬಡ್ಡಿ, ಕಸಿದುಕೊಂಡ ಹೊಲ ಇವೆಲ್ಲ ಗಂಡಸರು ಮಾಡಿದ ಅನ್ಯಾಯಗಳು. ಹುಡುಗಿಯ ತಪ್ಪು ದೊಡ್ಡ ದನಿಯಲ್ಲಿ ಮಾತನಾಡುವುದು, ಪ್ಯಾಟೆಯ ಉಡುಪು ಹಾಕುವುದು, ಯಾರಿಗೂ ತಲೆ ಬಾಗಿಸದಿರುವುದು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಸಾಹುಕಾರನ ಸೊಕ್ಕು ಮುರಿದ ಖುಷಿಯಲ್ಲಿ ನಾವು ಹುಡುಗಿ ಮೆತ್ತಗಾದದ್ದನ್ನೂ ಅದೇ ಗೆಲುವಿನ ಭಾಗವೆಂದು ನುಂಗಿದೆವು. ಹನ್ನೆರಡು ವರ್ಷದ ನನ್ನೊಳಗೆ ಆ ದಿನ ಎರಡು ಪಾಠಗಳು ಒಟ್ಟಿಗೆ ಇಳಿದವು. ಬಡವ ಸಾಹುಕಾರನಿಗೆ ಹೆದರಬೇಕಿಲ್ಲ ಎಂಬುದು ಮೊದಲನೆಯದು, ಎದುರು ಮಾತನಾಡುವ ಹೆಣ್ಣನ್ನು ಬಗ್ಗಿಸುವುದು ಗಂಡಸುತನ ಎಂಬುದು ಎರಡನೆಯದು. ಮೊದಲನೆಯದನ್ನು ಬಾಳಿನಲ್ಲಿ ನಡೆಸಲು ಧೈರ್ಯ ಬೇಕಿತ್ತು, ಹಾಗಾಗಿ ಬಹಳ ಜನ ಅದನ್ನು ಟೆಂಟಿನಲ್ಲೇ ಬಿಟ್ಟು ಬಂದರು. ಎರಡನೆಯದನ್ನು ಮನೆಗೆ ಹೋದ ರಾತ್ರಿಯೇ ನಡೆಸಬಹುದಿತ್ತು.

ಮುಂದೆ ಇದೇ ಅಚ್ಚಿನ ಕಥೆಗಳು ಒಂದರ ಹಿಂದೊಂದು ಬಂದವು. 1986ರ ‘ಅನುರಾಗ ಅರಳಿತು’ ಸಿನಿಮಾದಲ್ಲಿ ಹಳ್ಳಿಯ ಸಾಹುಕಾರನ ಜಾಗಕ್ಕೆ ಕಾರ್ಖಾನೆಯ ಒಡತಿ ಬಂದಳು, ರೈತನ ಜಾಗಕ್ಕೆ ಮೆಕ್ಯಾನಿಕ್ ಬಂದ. ತೆಲುಗು, ತಮಿಳು, ಹಿಂದಿಗಳಿಗೂ ಹೋಗಿ ಎಲ್ಲ ಕಡೆ ಗೆದ್ದ ಕಥೆ ಅದು. 1989ರ ‘ನಂಜುಂಡಿ ಕಲ್ಯಾಣ’ಕ್ಕೆ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕದ ಮೂಲಕ ಶೇಕ್ಸ್‌ಪಿಯರನವರೆಗೆ ಬೇರು ಇದೆ. ಗಟ್ಟಿಗಿತ್ತಿ ಹೆಣ್ಣನ್ನು ಪಳಗಿಸುವ ಆಸೆ ಒಂದು ಊರಿನದ್ದಾಗಲಿ, ಒಂದು ಭಾಷೆಯದ್ದಾಗಲಿ ಅಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಹೆಂಡತಿಗೆ ಗಂಡ ಮತ್ತು ಗಂಡನ ಮನೆಯವರು ಕೊಡುವ ಕ್ರೌರ್ಯವನ್ನು ಅಪರಾಧವೆಂದು ಕರೆದ 498ಎ ಕಲಮು ಆಗಿನ ಭಾರತೀಯ ದಂಡಸಂಹಿತೆಗೆ ಸೇರಿದ್ದು 1983ರಲ್ಲಿ. ಅಂದರೆ ಕಾನೂನು ಪುಸ್ತಕಕ್ಕೆ ಈ ಅರಿವು ಬಂದ ಮೇಲೆಯೂ, ಕಪಾಳಕ್ಕೆ ಒಂದು ಏಟು ಬಿದ್ದ ಕೂಡಲೇ ನಾಯಕಿಯ ಕಣ್ಣಲ್ಲಿ ಪ್ರೀತಿ ಹುಟ್ಟುವ ದೃಶ್ಯಗಳು ನಮ್ಮ ತೆರೆಯ ಮೇಲೆ ವರ್ಷಗಟ್ಟಲೆ ನಡೆದವು. ‘ಅನುರಾಗ ಅರಳಿತು’ ಕಥೆಯ ಮೂಲ ಎಚ್.ಜಿ. ರಾಧಾದೇವಿಯವರ ಕಾದಂಬರಿ ಎಂಬುದನ್ನೂ ಇಲ್ಲಿ ಮರೆಮಾಡಬಾರದು. ಹೆಂಗಸರೇ ಬರೆದು ಹೆಂಗಸರೇ ಓದಿ ಮೆಚ್ಚಿದ ಕಥೆಯ ಬಗ್ಗೆ ನಾನು ಗಂಡಸಾಗಿ ತೀರ್ಪು ಕೊಡಲು ಹಿಂಜರಿಯುತ್ತೇನೆ. ಆದರೂ ಗಂಡಸರ ಕಡೆಯ ಚಪ್ಪಾಳೆ ಯಾವ ದೃಶ್ಯಕ್ಕೆ ಬೀಳುತ್ತಿತ್ತು ಎಂಬುದಕ್ಕೆ ನಾನೇ ಸಾಕ್ಷಿ.

ಇದನ್ನು ನಾನು ಮೊದಲೇ ಅರಿಯಬೇಕಿತ್ತು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಆಗಿನ ಸಿನಿಮಾಗಳಲ್ಲಿ ನಮ್ಮ ಕಡೆಯ ಮಾತು ಬಂತೆಂದರೆ ಅದು ಬಹುಮಟ್ಟಿಗೆ ಪೆದ್ದನ ಬಾಯಲ್ಲಿ, ರೌಡಿಯ ಬಾಯಲ್ಲಿ, ಇಲ್ಲವೇ ನಗಿಸಲೆಂದು ಬಂದು ಹೋಗುವ ಆಳಿನ ಬಾಯಲ್ಲಿ ಬರುತ್ತಿತ್ತು. ನಾಯಕ ಹುಟ್ಟಿದ್ದು ಯಾವ ಊರಿನಲ್ಲೇ ಆಗಲಿ, ಮಾತು ಮಾತ್ರ ಮೈಸೂರು ಬೆಂಗಳೂರಿನದ್ದು. ಓದಲು ಬೆಂಗಳೂರಿಗೆ ಹೋದ ಮೊದಲ ವರ್ಷ ಹಾಸ್ಟೆಲಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಯಾವುದೋ ಸಿನಿಮಾದ ಆಳಿನ ದನಿಯನ್ನು ಅಣಕಿಸಿ ನಗುತ್ತಿದ್ದರು. ಆರು ತಿಂಗಳು ನಾನು ಅಳೆದು ತೂಗಿ ಮಾತನಾಡಿದೆ, “ಹೌದ್ರಿ” ಎನ್ನುವುದನ್ನು “ಹೌದು ಸಾರ್” ಮಾಡಿಕೊಂಡೆ. ತೆರೆಯ ಮೇಲಿನ ನಗು ತೆರೆಯ ಮೇಲೆಯೇ ಉಳಿಯುವುದಿಲ್ಲ, ಹೊರಗೆ ಬಂದು ಬದುಕಿರುವವರ ಕೊರಳು ಹಿಡಿಯುತ್ತದೆ ಎಂಬುದು ನನ್ನ ಮೈಗೇ ಗೊತ್ತಾಗಿತ್ತು. ಅದನ್ನು ಅಷ್ಟು ತೀವ್ರವಾಗಿ ಅನುಭವಿಸಿದವನಿಗೆ ಅದೇ ತೆರೆಯ ಮೇಲಿನ ಏಟು ಯಾರ ಕೆನ್ನೆಗೆ ತಗಲುತ್ತಿದೆ ಎಂಬುದು ಹೊಳೆಯಲಿಲ್ಲ.

‘ನಾಗರಹಾವು’ ನನಗೆ ಇಂದಿಗೂ ಪ್ರಿಯವಾದ ಸಿನಿಮಾ. 1972ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ್ದು, 2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ ಮತ್ತೆ ತೆರೆಗೆ ಬಂದಾಗಲೂ ಹೋಗಿ ನೋಡಿದೆ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಗುರುಭಕ್ತಿಯ ಶಿಖರವೆಂದು ನಾವು ಕಣ್ಣೀರು ಹಾಕಿದ ಸಂದರ್ಭ ಅದು. ಆದರೆ ಅಲ್ಲಿ ತ್ಯಾಗದ ಮಾತು ನಡೆಯುವುದು ಮೇಷ್ಟ್ರು ಮತ್ತು ಶಿಷ್ಯನ ನಡುವೆ, ಬಲಿಯಾಗುವುದು ಅಲಮೇಲುವಿನ ಬಾಳು. ಪುಟ್ಟಣ್ಣ ಅದನ್ನು ಅಲ್ಲಿಗೇ ಬಿಡಲಿಲ್ಲ ಎಂಬುದನ್ನು ಒಪ್ಪಲೇಬೇಕು: ಮುಂದೆ ಆ ಹೆಣ್ಣು ಎಂಥ ಕೂಪಕ್ಕೆ ಬಿದ್ದಳೆಂದು ತೋರಿಸಿ ರಾಮಾಚಾರಿಯ ಎದೆ ಒಡೆಯುತ್ತಾರೆ. ಆ ಹೊತ್ತಿನಲ್ಲಿ ಸಿನಿಮಾ ತನ್ನನ್ನೇ ಪ್ರಶ್ನಿಸಿಕೊಳ್ಳುತ್ತದೆ. ನಾವು ಮಾತ್ರ ಮನೆಗೆ ಹೋಗುವಾಗ ಮೇಷ್ಟ್ರ ದೊಡ್ಡತನವನ್ನೇ ಮಾತನಾಡಿಕೊಂಡು ಹೋದೆವು.

‘ಗೆಜ್ಜೆಪೂಜೆ’ಯ ವಿಷಯ ಬೇರೆ, ಅದರ ಬಗ್ಗೆ ನಿಧಾನವಾಗಿ ಬರೆಯಬೇಕು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪುಟ್ಟಣ್ಣ 1969ರಲ್ಲಿ ತೆರೆಗೆ ತಂದರು. ವೇಶ್ಯೆಯರ ಮನೆಯಲ್ಲಿ ಹುಟ್ಟಿದ ಚಂದ್ರಾ, ಮದುವೆಯಾಗಿ ಗರತಿಯಂತೆ ಬಾಳಬೇಕೆಂದು ಹಂಬಲಿಸುತ್ತಾಳೆ. ಸಮಾಜ ಅವಳಿಗೆ ಅದನ್ನು ಕೊಡುವುದಿಲ್ಲ, ಕೊನೆಗೆ ಅವಳು ತಾನೇ ಸಾವನ್ನು ತಂದುಕೊಳ್ಳುತ್ತಾಳೆ. ಕಲ್ಪನಾ ಆ ಪಾತ್ರದಲ್ಲಿ ಕಣ್ಣಿನಿಂದಲೇ ಹೇಳಿದ್ದನ್ನು ಬೇರೆಯವರು ಪುಟಗಟ್ಟಲೆ ಮಾತಿನಲ್ಲೂ ಹೇಳಲಾರರು. ಆ ಕಾಲಕ್ಕೆ ಇಂಥ ವಸ್ತುವನ್ನು ಎತ್ತಿಕೊಂಡದ್ದೇ ದೊಡ್ಡ ಧೈರ್ಯ. ನಾನು ಅದನ್ನು ಹೈಸ್ಕೂಲಿನಲ್ಲಿದ್ದಾಗ ಗೆಳೆಯರ ಗುಂಪಿನಲ್ಲಿ ನೋಡಿದೆ. ಗುಂಪಿನಲ್ಲಿದ್ದ ಒಬ್ಬ ಹುಡುಗನ ತಾಯಿಗೆ ಚಿಕ್ಕಂದಿನಲ್ಲೇ ಮುತ್ತು ಕಟ್ಟಿ ದೇವರಿಗೆ ಬಿಟ್ಟಿದ್ದರು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಇತ್ತು, ಪ್ರತಿ ಜೂನ್ ತಿಂಗಳಲ್ಲಿ ಹೊಸ ಮೇಷ್ಟ್ರು ಹಾಜರಿ ಪುಸ್ತಕ ಬರೆಯುವಾಗ ಅವನನ್ನು ಎಬ್ಬಿಸಿ ನಿಲ್ಲಿಸಿ ಅದೇ ಪ್ರಶ್ನೆ ಕೇಳುತ್ತಿದ್ದರು. ಸಿನಿಮಾ ಮುಗಿದಾಗ ನಾವೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದೆವು. ಅವನು ಅಳಲಿಲ್ಲ. ದಾರಿಯಲ್ಲಿ ಒಂದೇ ಮಾತು ಹೇಳಿದ: “ಅಕಿ ಸತ್ಲು. ನಮ್ಮವ್ವ ಸಾಯಲಿಲ್ಲ, ನಮ್ಮನ್ನ ಬೆಳಸಿದ್ಲು.”

ಅವನ ಮಾತಿನ ತೂಕ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ‘ಗೆಜ್ಜೆಪೂಜೆ’ ನಮ್ಮಿಂದ ಕಣ್ಣೀರು ಕೇಳುವುದು ಚಂದ್ರಾ ಕಳಂಕವಿಲ್ಲದವಳು ಎಂಬ ಕಾರಣಕ್ಕೆ. ಅಂಥ ಮನೆಯಲ್ಲಿ ಹುಟ್ಟಿಯೂ ಅವಳ ಮನಸ್ಸು ಹೂವಿನಂತಿತ್ತು ಎಂಬ ಕಾರಣಕ್ಕೆ ಅವಳು ನಮ್ಮ ಅನುಕಂಪಕ್ಕೆ ಅರ್ಹಳಾಗುತ್ತಾಳೆ, ಸತ್ತ ಮೇಲೆ ಪೂರ್ತಿ ಅರ್ಹಳಾಗುತ್ತಾಳೆ. ಹಾಗಾದರೆ ಬದುಕಿ ಉಳಿದವರ ಗತಿಯೇನು? ಮಿಲ್ಲಿನಲ್ಲಿ ಭತ್ತ ಹರವಿ, ಸೀಸನ್ನಿಗೆ ನಾಟಿಯ ಕೂಲಿಗೆ ಹೋಗಿ, ಮೂರು ಮಕ್ಕಳನ್ನು ಓದಿಸಿದ ಆ ತಾಯಿಗಾಗಿ ಯಾವ ಸಿನಿಮಾ ಅತ್ತಿದೆ? ಸಿನಿಮಾದ ಮನೆಗೂ ನಮ್ಮ ಕಡೆಯ ವಾಸ್ತವಕ್ಕೂ ಜಾತಿಯ ಅಂತರವೂ ಇತ್ತು. ಇಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುತ್ತಿದ್ದದ್ದು ಬಹುಪಾಲು ದಲಿತ ಕೇರಿಗಳಿಂದ. ಬಳ್ಳಾರಿ ಆಗ ಮದರಾಸು ಪ್ರಾಂತದಲ್ಲಿದ್ದುದರಿಂದ 1947ರಲ್ಲೇ ಅಲ್ಲಿ ಇದನ್ನು ತಡೆಯುವ ಕಾನೂನು ಬಂದಿತ್ತು, ಇಡೀ ಕರ್ನಾಟಕಕ್ಕೆ ಅನ್ವಯಿಸಿದ ಕಾಯಿದೆ 1982ರದ್ದು. ಹೀಗಿದ್ದೂ 2007–08ರ ಸಮೀಕ್ಷೆಯಲ್ಲಿ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ 46,000ಕ್ಕೂ ಹೆಚ್ಚು ದೇವದಾಸಿಯರನ್ನು ಲೆಕ್ಕಹಾಕಲಾಯಿತು. ಅಷ್ಟು ಜನ ನಮ್ಮ ನಡುವೆ ಬದುಕುತ್ತಿದ್ದಾಗ, ತೆರೆಯ ಮೇಲೆ ಸತ್ತ ಒಬ್ಬಳಿಗಾಗಿ ನಾವು ಅತ್ತು ಹಗುರಾದೆವು. ಇದು ಆ ಸಿನಿಮಾದ ಮೇಲಿನ ದೂರು ಎನ್ನುವುದಕ್ಕಿಂತ ನಮ್ಮ ಕಣ್ಣೀರಿನ ಮೇಲಿನ ದೂರು. ಆದರೆ ಸಿನಿಮಾ ಆ ಕಣ್ಣೀರನ್ನು ಯಾವ ಕಡೆಗೆ ಹರಿಸಿತು ಎಂಬುದನ್ನೂ ನೋಡಲೇಬೇಕು.

“ಆ ಕಾಲ ಹಾಗಿತ್ತು” ಎಂಬ ಮಾತಿಗೆ ಈಗ ಮರಳುತ್ತೇನೆ. ಅದರಲ್ಲಿ ಸತ್ಯ ಇಲ್ಲವೆಂದಲ್ಲ. 1974ರ ಮನುಷ್ಯನನ್ನು ಇಂದಿನ ಅಳತೆಗೋಲಿನಿಂದಲೇ ಅಳೆದು ಬಿಸಾಕುವುದು ಸರಿಯಲ್ಲ. ಆದರೆ ಕಾಲ ಎಂದರೆ ಯಾರ ಕಾಲ? ಮಾನಸಿಕ ರೋಗಕ್ಕೆ ತುತ್ತಾಗಿ ಗುಣವಾದ ಹೆಣ್ಣನ್ನು ಮನೆ ಮತ್ತು ಸಮಾಜ ಹೇಗೆ ಮತ್ತೆ ಆಸ್ಪತ್ರೆಯ ಕಡೆಗೇ ತಳ್ಳುತ್ತವೆ ಎಂದು ‘ಶರಪಂಜರ’ ಕಾದಂಬರಿಯಲ್ಲಿ ಬರೆದ ತ್ರಿವೇಣಿ 1963ರಲ್ಲೇ ತೀರಿಕೊಂಡರು. ಅವರು ಬರೆದದ್ದೂ ಅದೇ ಕಾಲದ ಮಾತು. ನಾಟಕದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕು, ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳೂ ರಂಗಕ್ಕೆ ಬರಬೇಕು ಎಂದು ರಂಗನಟ ಬಳ್ಳಾರಿ ರಾಘವರು ಹಟ ಹಿಡಿದದ್ದು ಸ್ವಾತಂತ್ರ್ಯಕ್ಕೂ ಮೊದಲು. ಅವರು ತೀರಿಕೊಂಡದ್ದೇ 1946ರಲ್ಲಿ. ಅಂದಮೇಲೆ ಆ ಕಾಲದೊಳಗೆ ಬೇರೆ ರೀತಿ ಯೋಚಿಸಿದವರು ಇದ್ದರು, ಬರೆದರು, ಮಾಡಿಯೂ ತೋರಿಸಿದರು. ಬರೆಯಲು ಬಾರದ ನನ್ನ ಅವ್ವನಂಥವರು ತಟ್ಟಿಯ ಆಚೆ ಕೂತು ಮನಸ್ಸಿನಲ್ಲೇ ಬೇಡವೆಂದರು. “ಆ ಕಾಲ ಹಾಗಿತ್ತು” ಎಂದು ನಾನು ಹೇಳಿದಾಗಲೆಲ್ಲ ತಟ್ಟಿಯ ಈಚೆಯ ಗಂಡಸರ ಕಾಲವನ್ನೇ ಎಲ್ಲರ ಕಾಲವೆಂದು ಲೆಕ್ಕ ಹಿಡಿದಿದ್ದೆ.

ಹಾಗೆಂದು ಈ ಸಿನಿಮಾಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆಂದು ನಾನು ಒಪ್ಪುವುದಿಲ್ಲ. ಟಿವಿಯವರು ದೃಶ್ಯಗಳನ್ನು ಕತ್ತರಿಸಿ ತೋರಿಸುವುದೂ ನನಗೆ ಸರಿಕಾಣುವುದಿಲ್ಲ. ಕತ್ತರಿಸಿದ ಸಿನಿಮಾ ನೋಡಿದ ಮಕ್ಕಳು, ನಮ್ಮ ಹಿರಿಯರು ಎಂದೂ ಹೀಗೆ ನಡೆದುಕೊಂಡೇ ಇರಲಿಲ್ಲ ಎಂದು ನಂಬುತ್ತಾರೆ, ಅದು ಇನ್ನೂ ದೊಡ್ಡ ಸುಳ್ಳು. ನನ್ನ ಅಜ್ಜನ ರುಮಾಲಿನ ಸಂಕಟಕ್ಕೆ ದನಿ ಕೊಟ್ಟ ಸಿನಿಮಾ ಅದು, ಅದನ್ನು ನಾನು ಬಿಡಲಾರೆ. ಮಗಳೂ ಬಿಡು ಎನ್ನಲಿಲ್ಲ. ಅವಳು ಕೇಳಿದ್ದು, ಒಟ್ಟಿಗೆ ಕೂತು ನೋಡುವಾಗ ಅಲ್ಲಲ್ಲಿ ನಿಲ್ಲಿಸಿ ಮಾತನಾಡೋಣ ಎಂದಷ್ಟೇ. ಅವ್ವನ ಲೆಕ್ಕವೂ ಹೆಚ್ಚುಕಡಿಮೆ ಅದೇ. “ಹಾಡು ಚೊಲೋ ಅದಾವು, ಆ ಹುಡುಗಿ ಪಾಡು ಚೊಲೋ ಇಲ್ಲ” ಎಂದಳು.

ಸಂಕ್ರಾಂತಿಗೆ ಮಗಳು ಮತ್ತೆ ಬಂದಾಗ ಮೊಬೈಲಿನಿಂದ ಟಿವಿಗೆ, ತ್ರಿವೇಣಿಯವರ ಆ ಕಾದಂಬರಿಯನ್ನೇ ಸಿನಿಮಾ ಮಾಡಿದ ‘ಶರಪಂಜರ’ ಹಾಕಿದಳು. ಅವ್ವ ಎಂದಿನಂತೆ ಬಾಗಿಲ ಹತ್ತಿರ ಮೊರ ಇಟ್ಟುಕೊಂಡು ಕೂತಿದ್ದಳು. ಸಿನಿಮಾ ಅರ್ಧಕ್ಕೆ ಬಂದಾಗ ಮಗಳು ನಿಲ್ಲಿಸಿ, “ಅಮ್ಮಾ, ಇದನ್ನ ಅವಾಗ ನೋಡಿದ್ದೇನು?” ಎಂದು ಕೇಳಿದಳು.

“ನೋಡಿದ್ದೆ. ಇಲ್ಲೇ ಗಂಗಾವತ್ಯಾಗ. ಹೆಣಮಕ್ಳು ಇಂಥಾದ್ದು ನೋಡಬಾರದು ಅಂತ ನಿಮ್ಮಜ್ಜ ಇಂಟರ್ವಲ್‌ಗೆ ಎಬ್ಬಿಸಿಕೊಂಡು ಬಂದ್ರು. ಮುಂದ ಅಕೀದು ಏನಾತು ಅಂತ ನನಗ ಇನ್ನೂ ಗೊತ್ತಿಲ್ಲ.”

ಮಗಳು ಒಮ್ಮೆ ನನ್ನ ಮುಖ ನೋಡಿದಳು. ಅವ್ವ ಮೊರವನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. “ಹಚ್ಚವಾ” ಎಂದಳು.